ದಿಲ್ಲಿ ದಾರಿಯ ಗಾಳಿಗುಂಡಿ

ನಿನ್ನ ಬಾಣಂತನಕ್ಕೆ ನಿಮ್ಮಮ್ಮ ಬಾರದಂತೆ ಮಾಡಿದವನು ನಿನ್ನ ಸೋದರಮಾವನಾದ ನಾನೇ, ಪವಿತ್ರಾ. ಅವಳಿಗೆ ನಿನ್ನ ಮೇಲೆ ಕೋಪವಿರಲಿಲ್ಲ. ನಿನ್ನ ಮದುವೆಯ ಸಿಟ್ಟು ಅವಳ ಮನಸ್ಸಿನಿಂದ ಯಾವತ್ತೋ ಇಳಿದುಹೋಗಿತ್ತು. ‘ಅಮ್ಮನಿಗೆ ಇನ್ನೂ ಮನಸ್ಸು ಬಂದಿಲ್ಲ’ ಎಂದು ಫೋನಿನಲ್ಲಿ ಹೇಳಿದೆನಲ್ಲ — ಅದು ಸುಳ್ಳು. ನಾನೇ ಕಟ್ಟಿದ ಸುಳ್ಳು. ಅದಕ್ಕೆ ಮೊದಲು ನಿಮ್ಮಮ್ಮನಿಗೆ ಒಂದು ಸುಳ್ಳು ಹೇಳಿದ್ದೆ. ಅದಕ್ಕೂ ಮೊದಲು ಗುಂಡ್ಲುಪೇಟೆಯ ಅರ್ಧ ಊರಿಗೆ ಇನ್ನೊಂದು.

ಇಷ್ಟು ಬರೆದು ಎದ್ದು ಹೋಗಿ ಅಂಗಡಿ ಬಾಗಿಲಲ್ಲಿ ನಿಂತು ಬಂದೆ. ಮತ್ತೆ ಕೂತೆ. ಯಾರೋ ಬಂದು ಚೆಂಡುಹೂವಿನ ಬೀಜ ಕೇಳಿದರು, ನಾನು ಟೊಮೆಟೊ ಬೀಜದ ಪೊಟ್ಟಣ ತೆಗೆದುಕೊಟ್ಟೆನಂತೆ. ಬೈದು ಬದಲಾಯಿಸಿಕೊಂಡು ಹೋದರು. ಕೂತರೆ ಕೂರಲಾಗುವುದಿಲ್ಲ, ನಿಂತರೆ ನಿಲ್ಲಲಾಗುವುದಿಲ್ಲ. ಇಷ್ಟು ವರ್ಷ ಹಾಯಾಗಿ ಉಂಡು ಮಲಗಿದವನಿಗೆ ಈಗ ಇದೇನು ಬಂತು ಎಂದು ನೀನು ಕೇಳಬಹುದು. ಹೇಳುತ್ತೇನೆ. ಆದರೆ ಮೊದಲಿನಿಂದ ಹೇಳಬೇಕು, ಇಲ್ಲದಿದ್ದರೆ ಮತ್ತೆ ನನಗೆ ಬೇಕಾದ ಹಾಗೆ ತಿರುಚಿಬಿಡುತ್ತೇನೆ. ನನ್ನ ನಾಲಿಗೆ ನನಗೆ ಗೊತ್ತು.

ನೀನಿನ್ನೂ ಮೈಸೂರಿನಲ್ಲಿ ನರ್ಸಿಂಗ್ ಓದುತ್ತಿದ್ದ ಕಾಲ. ಬೀಜದ ಕಂಪನಿಯವರು ಚೆನ್ನಾಗಿ ವ್ಯಾಪಾರ ಮಾಡಿದ ಅಂಗಡಿಯವರನ್ನೆಲ್ಲ ಗುಂಪು ಮಾಡಿ ದಿಲ್ಲಿ, ಆಗ್ರಾ ತೋರಿಸಲು ಕರೆದೊಯ್ದರು. ಹೋಗುವಾಗ ವಿಮಾನ, ಬರುವಾಗ ರೈಲು. ನಮ್ಮ ಮನೆತನದಲ್ಲಿ ವಿಮಾನ ಹತ್ತಿದ ಮೊದಲನೆಯವನು ನಾನು. ಹೊರಡುವ ದಿನ ನಿಮ್ಮಮ್ಮ ಕುದೇರಿನಿಂದ ಬಂದು ಹಣೆಗೆ ವಿಭೂತಿ ಹಚ್ಚಿ ಕಳಿಸಿದಳು. ವಿಮಾನ ನಿಲ್ದಾಣದಲ್ಲಿ ಕಂಪನಿಯ ಹುಡುಗನೊಬ್ಬ ತಮಾಷೆಗೆ, ‘ಏರ್ ಪಾಕೆಟ್ ಸಿಕ್ಕಿದರೆ ಸೀದಾ ಕೆಳಗೆ ಸಾರ್, ಹುಷಾರು’ ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಜೊತೆಯವರೆಲ್ಲ ಮುಂದೆ ಒಟ್ಟಿಗೆ ಕೂತರು. ನನಗೆ ಹಿಂದೆ, ಕೊನೆಯ ಸಾಲಿನ ಹತ್ತಿರ ಸೀಟು. ಪಕ್ಕದಲ್ಲಿ ಮೈಸೂರಿನ ಒಬ್ಬ ವಯಸ್ಸಾದ ಹೆಂಗಸು, ಮಗಳ ಮನೆಗೆ ಹೊರಟವರು.

ಹಾರಿ ಸ್ವಲ್ಪ ಹೊತ್ತಿಗೆ ವಿಮಾನ ಅಲುಗಾಡಿತು. ಎಷ್ಟು ಎನ್ನುತ್ತೀಯ — ತೆರಕಣಾಂಬಿ ರಸ್ತೆಯಲ್ಲಿ ಬಸ್ಸು ಕುಲುಕುತ್ತದಲ್ಲ, ಅಷ್ಟೂ ಇಲ್ಲ. ಪಕ್ಕದವರ ಲೋಟದ ಕಾಫಿ ಹೊರಗೆ ಚೆಲ್ಲಲಿಲ್ಲ. ನಾನು ಮಾತ್ರ ‘ಗುಂಡಿಗೆ ಬಿದ್ದೋಯ್ತು, ಬಿದ್ದೋಯ್ತು, ಮಾದಪ್ಪಾ’ ಎಂದು ಕಿರುಚಿ ಆಕೆಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಕಣ್ಣಲ್ಲಿ ನೀರು. ಮುಂದಿನ ಸೀಟಿನ ಸಂದಿಯಿಂದ ಒಂದು ಮಗು ಬಗ್ಗಿ ನನ್ನನ್ನು ನೋಡಿ ನಕ್ಕಿತು.

ಆಕೆ ನಗಲಿಲ್ಲ. ಕೈ ಬಿಡಿಸಿಕೊಳ್ಳಲೂ ಇಲ್ಲ. ‘ಗಾಳಿಯಲ್ಲಿ ಗುಂಡಿ ಗಿಂಡಿ ಏನೂ ಇರಲ್ಲಪ್ಪ’ ಅಂದರು. ‘ಏರ್ ಪಾಕೆಟ್ ಅಂತ ಜನ ಅಂತಾರೆ, ಅಷ್ಟೇ. ಹೊಳೆ ನೀರು ಬಂಡೆ ಹತ್ರ ಸುತ್ತು ತಿರುಗಲ್ವಾ, ಗಾಳೀನೂ ಹಾಗೇ. ದೋಣಿ ಸ್ವಲ್ಪ ಅಲ್ಲಾಡುತ್ತೆ. ಬೆಲ್ಟ್ ಹಾಕ್ಕೊಂಡು ಕೂತ್ಕೊಳ್ಳಿ, ಸಾಕು.’ ನಾನು ಕಿಟಕಿಯ ಆಚೆ ಬಾಗುತ್ತಿದ್ದ ರೆಕ್ಕೆಯನ್ನು ತೋರಿಸಿದೆ. ‘ಅದು ಬಾಗಲಿ ಅಂತಲೇ ಹಾಗೆ ಮಾಡಿರೋದು’ ಅಂದರು. ಅಲುಗಾಟ ನಿಂತ ಮೇಲೂ, ದಿಲ್ಲಿಯಲ್ಲಿ ಇಳಿಯುವವರೆಗೂ ನಾನು ಅವರ ಕೈ ಬಿಡಲಿಲ್ಲ.

ಅಂದರೆ ನನಗೆ ಅಂದೇ ಗೊತ್ತಿತ್ತು, ಪವಿತ್ರಾ. ತಿಳಿಯದೆ ಆಡಿದ ಮಾತು ಎಂದು ಹೇಳಿಕೊಳ್ಳುವ ದಾರಿಯೂ ನನಗಿಲ್ಲ.

ಊರಿಗೆ ಬಂದೆ. ಅಂಗಡಿ ಮುಂದಿನ ಬೆಂಚಿನ ಮೇಲೆ ಜನ ಕಾದು ಕೂತಿದ್ದರು. ‘ಎಂಗಿತ್ತು ಮಾದೇಸಣ್ಣ ಇಮಾನ?’ ಹೆದರಿದೆ ಎಂದು ಹೇಳಲು ಬಾಯಿ ಬರಲಿಲ್ಲ. ‘ಗಾಳಿಗುಂಡಿಗೆ ಬಿತ್ತು ಕಣ್ರಲಾ’ ಅಂದೆ. ಅಷ್ಟೇ ಅಂದಿದ್ದು. ಅಷ್ಟಕ್ಕೇ ಅವರೆಲ್ಲ ಬೆಂಚಿನಿಂದ ಮುಂದಕ್ಕೆ ಜರುಗಿದರು — ಆ ಜರುಗುವುದನ್ನು ನೋಡಿದ ಮೇಲೆ ನನ್ನನ್ನು ತಡೆಯುವವರು ಯಾರಿದ್ದರು? ಆಕಾಶದಲ್ಲಿ ಅಲ್ಲಲ್ಲಿ ಗಾಳಿಯೇ ಇಲ್ಲದ ಜಾಗ ಇರುತ್ತದೆ, ಅಲ್ಲಿ ವಿಮಾನ ಕಲ್ಲು ಬಿದ್ದ ಹಾಗೆ ಬೀಳುತ್ತದೆ, ಪೈಲಟ್ ಕೈಯಲ್ಲೂ ಏನೂ ಇರುವುದಿಲ್ಲ, ಕೆಳಗೆ ಮತ್ತೆ ಗಾಳಿ ಸಿಕ್ಕಿದರೆ ಬದುಕಿದೆವು, ಇಲ್ಲದಿದ್ದರೆ ಇಲ್ಲ — ಹೀಗೆ. ಮೊದಲ ದಿನ ವಿಮಾನ ತೆಂಗಿನಮರದಷ್ಟು ಬಿದ್ದಿತ್ತು. ತಿಂಗಳು ಕಳೆಯುವುದರೊಳಗೆ ಗೋಪಾಲಸ್ವಾಮಿ ಬೆಟ್ಟದಷ್ಟು ಬಿತ್ತು. ರೆಕ್ಕೆ ಮುರಿಯುವುದಕ್ಕೆ ಕೂದಲೆಳೆಯಷ್ಟು ಉಳಿದಿತ್ತು. ಮತ್ತೆ ಆ ತಾಯಿ — ಅವರ ಹೆಸರನ್ನೂ ಕೇಳಿರಲಿಲ್ಲ ನಾನು — ಕಥೆಯಲ್ಲಿ ಕಿರುಚಿದವರು ಅವರು. ಕೈ ಹಿಡಿದು ಧೈರ್ಯ ಹೇಳಿದವನು ನಾನು.

ಕೇಳಿದವರೂ ತಮ್ಮ ತಮ್ಮ ಪಾಲು ಸೇರಿಸಿದರು. ಬೆಟ್ಟದ ಮೇಲೆ ಹೋಗುವಾಗ ಬೆಟ್ಟವೇ ವಿಮಾನವನ್ನು ಎಳೆಯುತ್ತದಂತೆ ಎಂದು ಒಬ್ಬ. ಹಿಂದಿನ ಸೀಟಿನಲ್ಲಿ ಕೂತವರಿಗೆ ಏನೂ ಆಗುವುದಿಲ್ಲವಂತೆ ಎಂದು ಇನ್ನೊಬ್ಬ. ನಾನು ಬಲ್ಲವನ ಹಾಗೆ ತಲೆಯಾಡಿಸುತ್ತಿದ್ದೆ. ಆಮೇಲೆ ಆ ಮಾತು ಅಂಗಡಿ ದಾಟಿ ಊರಿಗೆ ಹೋಯಿತು. ಟೊಮೆಟೊ ರೇಟು ಇಳಿದರೆ ‘ಗಾಳಿಗುಂಡಿಗೆ ಬಿತ್ತು’, ಪಂಚಾಯಿತಿ ಚುನಾವಣೆಯಲ್ಲಿ ಸೋತವನು ‘ಗಾಳಿಗುಂಡಿಗೆ ಓದ’. ನನಗೂ ಅದೇ ಹೆಸರು ಅಂಟಿತು — ಗಾಳಿಗುಂಡಿ ಮಾದೇಶಣ್ಣ. ಸಂತೆಮರಹಳ್ಳಿಯ ಸಂತೆಯಲ್ಲಿ ಗುರುತಿಲ್ಲದವರು ಕೂಡ ಆ ಹೆಸರಿನಿಂದ ಕೂಗಿದಾಗ ನಾನು ಹಿಗ್ಗುತ್ತಿದ್ದೆ. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಮತ್ತೆ ಮತ್ತೆ ಕಂಪನಿಯವರು ಪ್ರವಾಸಕ್ಕೆ ಕರೆದರು. ನಾನು ಪ್ರತಿ ಸಲವೂ ಬೆನ್ನು ನೋವು ಎಂದು ತಪ್ಪಿಸಿಕೊಂಡೆ.

ಆಮೇಲೆ ನೀನು ದಿಲ್ಲಿಯಲ್ಲಿ ಕೆಲಸಕ್ಕೆ ಸೇರಿ, ಅಲ್ಲೇ ಸಜಿಯನ್ನು ಮದುವೆಯಾದೆ. ಕೇರಳದವನು, ಬೇರೆ ಜನ, ಹೇಳದೆ ಕೇಳದೆ ಮದುವೆ ಎಂದು ನಿಮ್ಮಮ್ಮ ಅತ್ತಳು, ಊಟ ಬಿಟ್ಟಳು, ನಿನ್ನ ಹೆಸರೆತ್ತಬೇಡಿ ಎಂದಳು. ಅದೆಲ್ಲ ನಿಜ. ಆದರೆ ನೀನು ಬಸುರಿ ಎಂದು ತಿಳಿದ ದಿನ ಅವಳು ಮಾಡಿದ ಮೊದಲ ಕೆಲಸ ಏನು ಗೊತ್ತಾ? ಪೆಟ್ಟಿಗೆ ತೆಗೆದು ತನ್ನ ಹಳೆಯ ಹತ್ತಿ ಸೀರೆಗಳನ್ನು ಒಗೆದು ಹಾಕಿದಳು, ಮಗುವಿಗೆ ಸುತ್ತಲು. ನನಗೆ ಫೋನ್ ಮಾಡಿ, ‘ಗುಂಡ್ಲುಪೇಟೆಲಿ ಒಳ್ಳೆ ಒಣಮೆಣಸು ಸಿಕ್ದ್ರ ತಕ್ಕ ಬಾರ್ಲಾ, ಬಾಣಂತಿ ಖಾರ ಮಾಡ್ಬೇಕು’ ಅಂದಳು. ಅಲ್ಲಿಗೆ ಅವಳ ಸಿಟ್ಟು ಮುಗಿದಿತ್ತು. ನಾನು ಕಣ್ಣಾರೆ ನೋಡಿದ್ದೇನೆ.

ಮೊದಲ ಹೆರಿಗೆ ತವರಿನಲ್ಲಿ ಆಗಬೇಕು. ಡಾಕ್ಟರು ನಿನ್ನನ್ನು ಹಾಸಿಗೆ ಬಿಟ್ಟು ಏಳಬಾರದು, ಪ್ರಯಾಣ ಕೂಡದು ಎಂದರು. ಹಾಗಾದರೆ ತವರೇ ಮಗಳ ಹತ್ತಿರ ಹೋಗಲಿ ಎಂದು ನಿಮ್ಮಮ್ಮ ತೀರ್ಮಾನಿಸಿದಳು. ರೈಲು ಎಂದರೆ ತಡವಾಗುತ್ತದೆ, ಯಾವ ಗಳಿಗೆಯಲ್ಲಾದರೂ ನೋವು ಬರಬಹುದು ಎಂದು ನೀನು ಹೇಳಿದೆ. ಸಜಿ ಬೆಂಗಳೂರಿನಿಂದ ವಿಮಾನದ ಟಿಕೆಟ್ ಮಾಡಿಸಿದ, ಇಬ್ಬರಿಗೆ. ಅಮ್ಮನಿಗೆ ಹಿಂದಿ ಬರದು, ಮಾವ ವಿಮಾನ ಕಂಡವರು, ಅವರೇ ಕರೆದುಕೊಂಡು ಬರಲಿ — ನೀನೇ ಹೇಳಿದ್ದು. ಮದುವೆಯಾದ ಮೇಲೆ ನೀವಿಬ್ಬರೂ ಇನ್ನೂ ನೇರವಾಗಿ ಮಾತಾಡಿರಲಿಲ್ಲ, ಅತ್ತಿಂದಿತ್ತ ಮಾತು ಮುಟ್ಟಿಸುತ್ತಿದ್ದವನು ನಾನು.

ಆ ದಿನದಿಂದ ನನಗೆ ಅನ್ನ ಇಳಿಯಲಿಲ್ಲ. ಬೇರೆ ಯಾರನ್ನಾದರೂ ಕಳಿಸಿ ಎನ್ನಬಹುದಿತ್ತು. ನನಗೆ ಭಯ ಎನ್ನಬಹುದಿತ್ತು — ಎರಡೇ ಪದ. ಆದರೆ ಎರಡು ಪದ ಆಡಿದರೆ ಬೆಂಚು, ಹೆಸರು, ಕಥೆ ಎಲ್ಲ ಹೋಗುತ್ತಿತ್ತು. ಹೊರಡುವ ಹಿಂದಿನ ದಿನ ಕುದೇರಿಗೆ ಹೋದೆ. ಜಗುಲಿಯ ಮೇಲೆ ಗಂಟು ಸಿದ್ಧವಾಗಿತ್ತು: ಖಾರ, ಬೆಳ್ಳುಳ್ಳಿ, ಬಜೆ, ಹರಳೆಣ್ಣೆ, ಹಳೆಯ ಸೀರೆ. ನಿಮ್ಮಮ್ಮ ಹೊಸ ಚಪ್ಪಲಿ ಹಾಕಿಕೊಂಡು ಅಭ್ಯಾಸ ಮಾಡುತ್ತಾ ಜಗುಲಿಯ ಈ ತುದಿಯಿಂದ ಆ ತುದಿಗೆ ಓಡಾಡುತ್ತಿದ್ದಳು. ನನ್ನನ್ನು ಕಂಡು ನಿಂತಳು.

‘ನಿಜ ಏಳ್ಲಾ ಮಾದೇಸ. ನೀನು ಏಳ್ತಿದ್ಯಲ್ಲ ಗಾಳಿಗುಂಡಿ, ಈ ದಾರಿಲೂ ಅದೆಯಾ?’

ಇಲ್ಲ ಎನ್ನಬೇಕಿತ್ತು. ಹಾಗೆಂಬುದೇ ಇಲ್ಲ ಅಕ್ಕ, ಸುಮ್ಮನೆ ಹೇಳಿದ್ದು ಎನ್ನಬೇಕಿತ್ತು. ನಾನು ಅವಳ ಹೊಸ ಚಪ್ಪಲಿ ನೋಡುತ್ತಾ ಹೇಳಿದೆ:

‘ಅದೆ ಕಣಕ್ಕ. ದಿಲ್ಲಿ ದಾರಿಲೇ ಜಾಸ್ತಿ.’

ಈ ಮಾತನ್ನು ಹೆದರಿಕೆಯಿಂದ ಆಡಿದೆ ಎಂದರೂ, ಲೆಕ್ಕ ಹಾಕಿಯೇ ಆಡಿದೆ. ಅವಳು ಹೆದರಲಿ, ತಾನೇ ಬೇಡವೆನ್ನಲಿ, ನಾನು ಉಳಿದುಕೊಳ್ಳಲಿ ಎಂದು ಆಡಿದೆ. ಅವಳು ಹೇಳಿದ್ದು ನನಗೆ ಬೇಕಾದ್ದೇ, ಆದರೆ ನಾನು ಎಣಿಸಿದ ಹಾಗಲ್ಲ.

‘ನಾ ಸತ್ರ ಸಾಯ್ತಿನಿ, ನನ್ನದೇನು. ನಿಂಗೇನಾರ ಆದ್ರ ನಿನ್ ಎಂಡ್ರು ಮಕ್ಳ್ಗ ನಾ ಏನಂತ ಮೊಕ ತೋರ್ಸ್ಲಿ? ನಿನ್ನ ಸಾಯ್ಸಿ ನಾ ಮಗೀನ ಮೊಕ ನೋಡ್ಲಾ? ಬ್ಯಾಡ, ಬುಡು.’

ಚಪ್ಪಲಿ ಬಿಚ್ಚಿ ಗೋಡೆಗೆ ಒರಗಿಸಿದಳು. ‘ಪವಿಗ ನೀನೇ ಫೋನ್ ಮಾಡ್ಬುಟ್ಟು ಏಳು. ಅಮ್ಮಂಗ ಇಮಾನ ಅಂದ್ರ ಎದ್ರಿಕೆ, ಅದ್ಕೇ ಬರ್ನಿಲ್ಲ ಅನ್ನು. ನಾ ಏಳಕೆ ಓದ್ರ ಅತ್ತ್ಬುಡ್ತಿನಿ’ ಅಂದಳು. ನನ್ನ ಭಯವನ್ನು ಅವಳು ತನ್ನ ಹೆಸರಿಗೆ ಬರೆದುಕೊಂಡಳು. ಅವಳಿಗೆ ಅದರಲ್ಲಿ ಯಾವ ನಾಚಿಕೆಯೂ ಇರಲಿಲ್ಲ.

ಅಷ್ಟನ್ನೇ ನಿನಗೆ ಮುಟ್ಟಿಸಿದ್ದರೂ ಆಗುತ್ತಿತ್ತು. ಆದರೆ ಹೆದರಿಕೆ ಎಂದರೆ ನೀನು ಯಾತರ ಹೆದರಿಕೆ ಎನ್ನುತ್ತಿದ್ದೆ. ಗಾಳಿಗುಂಡಿ ಎಂದರೆ ಸಜಿ ನಗುತ್ತಿದ್ದ. ಅವನು ವರ್ಷಕ್ಕೆ ಹತ್ತು ಸಲ ಓಡಾಡುವವನು, ಅಮ್ಮನಿಗೆ ಫೋನ್ ಕೊಡಿ ನಾನೇ ವಿವರಿಸುತ್ತೇನೆ ಎನ್ನುತ್ತಿದ್ದ. ಆಗ ನಾನು ವಿಮಾನ ಹತ್ತಲೇಬೇಕಾಗುತ್ತಿತ್ತು. ಅದಕ್ಕೆ, ವಿವರಿಸಲು ಜಾಗವೇ ಇಲ್ಲದ ಮಾತು ಹುಡುಕಿದೆ. ಕುದೇರಿನ ಬಸ್ ನಿಲ್ದಾಣದಲ್ಲಿ ನಿಂತು ನಿನಗೆ ಫೋನ್ ಮಾಡಿ ಅಂದೆ:

‘ನಿಮ್ಮಮ್ಮಂಗೆ ಇನ್ನೂ ಮನ್ಸು ಬಂದಿಲ್ಲ ಕಣಮ್ಮಿ.’

ಫೋನ್ ಕಟ್ಟಾಯಿತೇನೋ ಎಂದು ನಾನು ತೆಗೆದು ನೋಡಿದೆ. ಆಮೇಲೆ ನೀನು ‘ಸರಿ ಮಾವ’ ಅಂದೆ. ಅಷ್ಟೇ. ಬೈದಿದ್ದರೆ, ಅತ್ತಿದ್ದರೆ, ಯಾಕೆ ಎಂದು ಒಂದು ಸಲ ಕೇಳಿದ್ದರೆ — ಇಲ್ಲ, ತಪ್ಪು ನಿನ್ನ ಕಡೆಗೆ ತಳ್ಳುತ್ತಿದ್ದೇನೆ ನೋಡು. ಕೇಳಿದ್ದರೂ ನಾನು ಇನ್ನೊಂದು ಸುಳ್ಳು ಹೇಳುತ್ತಿದ್ದೆ.

ನಿನಗೆ ಹೆರಿಗೆಯಾಯಿತು. ಹೊಟ್ಟೆ ಕೊಯ್ದು ಮಗು ತೆಗೆದರು ಎಂದು ತಿಳಿದಾಗ ನಿಮ್ಮಮ್ಮ ರೈಲಿನಲ್ಲಾದರೂ ಹೊರಡುತ್ತೇನೆ ಎಂದು ಕುಣಿದಳು. ನಿನ್ನನ್ನು ಕೇಳಿದೆ, ನೀನು ‘ಈಗ ಯಾರೂ ಬರೋದೇನೂ ಬೇಡ ಮಾವ’ ಅಂದೆ. ಆ ಮಾತನ್ನು ಮಾತ್ರ ಅಕ್ಷರ ಬಿಡದೆ ಅವಳಿಗೆ ಒಪ್ಪಿಸಿದೆ. ಬಾಣಂತಿಗೆ ಸಜಿ ರಜೆ ಹಾಕಿ ಗಂಜಿ ಕಾಯಿಸಿದನಂತೆ. ಮಗುವಿಗೆ ನೀರು ಹಾಕಲು ಗೊತ್ತಿಲ್ಲದೆ ನೀವಿಬ್ಬರೂ ಮೊಬೈಲಿನಲ್ಲಿ ನೋಡಿ ಕಲಿತಿರಂತೆ. ಇತ್ತ ಕುದೇರಿನಲ್ಲಿ ಆ ಖಾರ ಡಬ್ಬಿಯಲ್ಲೇ ಬಣ್ಣ ಕೆಟ್ಟಿತು.

ನೀವಿಬ್ಬರೂ ಮಾತಾಡಿಕೊಂಡು ನನ್ನ ಸುಳ್ಳು ಬಯಲಾಗುತ್ತದೆ ಎಂದು ಎಷ್ಟೋ ದಿನ ನಡುಗುತ್ತಿದ್ದೆ. ಆಗಲಿಲ್ಲ. ಅದು ಯಾಕೆ ಆಗಲಿಲ್ಲ ಎಂದು ನನಗೆ ಗೊತ್ತು, ನಾನು ಅಲ್ಲೇ ಪಕ್ಕದಲ್ಲಿ ಕೂತಿದ್ದೆ. ಅವಳು ಸ್ಪೀಕರ್ ಹಾಕಿದ ಫೋನಿನಲ್ಲಿ, ‘ಬರಕಾಗ್ನಿಲ್ಲ ಕಣಮ್ಮಿ, ತಪ್ಪು ತಿಳ್ಕಬ್ಯಾಡ’ ಅಂದಳು. ನೀನು, ‘ಗೊತ್ತು ಬಿಡಮ್ಮ, ಮಾವ ಎಲ್ಲ ಹೇಳಿದ್ರು’ ಅಂದೆ. ಮಗಳಿಗೆ ತನ್ನ ಹೆದರಿಕೆ ಗೊತ್ತಾಗಿದೆ ಎಂದು ಅವಳು ತಿಳಿದಳು. ತಾಯಿ ತನ್ನನ್ನು ಕ್ಷಮಿಸಿಲ್ಲ ಎಂದು ನೀನು ತಿಳಿದೆ. ಹೇಡಿ ತಾಯಿ ಎಂದು ಮಗಳು ದೂರ ಮಾಡಿದಳು ಎಂದುಕೊಂಡು ಅವಳು ಬಾಯಿ ಮುಚ್ಚಿದಳು. ಅಂದಿನಿಂದ ನಿಮ್ಮ ಮಾತು ‘ಊಟ ಆಯ್ತಾ’, ‘ಮಳೆ ಬಂತಾ’ ಎಂಬಲ್ಲಿಗೆ ನಿಂತಿತು. ನಡುವೆ ನಾನು ಕೂತಿದ್ದೆ, ಬೀಡಾ ಅಗಿಯುತ್ತಾ.

ಹೇಳಲು ನನಗೆ ಒಂದು ಅವಕಾಶ ಸಿಕ್ಕಿತ್ತು. ನೀವು ವಯನಾಡಿನಲ್ಲಿರುವ ಸಜಿಯ ಮನೆಗೆ ಹೋಗುವಾಗ ಗುಂಡ್ಲುಪೇಟೆಯಲ್ಲಿ ಕಾರು ನಿಲ್ಲಿಸಿ ಅಂಗಡಿಗೆ ಬಂದೆಯಲ್ಲ, ಅಂದು. ನಿನ್ನ ಮಗಳು ಕಾರಿನಲ್ಲಿ ನಿದ್ದೆ ಹೋಗಿದ್ದಳು. ಟೀ ತರಿಸಿದೆ. ನೀನು ಲೋಟ ಹಿಡಿದುಕೊಂಡು, ಕುಡಿಯದೆ ಕೇಳಿದೆ: ‘ಮಾವ, ಅಮ್ಮ ಆವತ್ತು ನಿಜವಾಗ್ಲೂ ಹಾಗಂದ್ರಾ?’

ನಿನ್ನ ಕಿವಿ ಚುಚ್ಚಿಸಿದ್ದು ನನ್ನ ತೊಡೆಯ ಮೇಲೆ, ಪವಿತ್ರಾ. ಸೋದರಮಾವನ ತೊಡೆ. ನೋವಾಗುವುದಿಲ್ಲ ಕಣಮ್ಮಿ ಎಂದು ಅಂದು ಹೇಳಿದ್ದೂ ಸುಳ್ಳೇ, ಆದರೆ ಅದು ನಿನಗೆ ಧೈರ್ಯ ಕೊಡುವ ಸುಳ್ಳು. ನೀನು ಅಂಗಡಿಯಲ್ಲಿ ನಿಂತು ನನ್ನ ಮುಖ ನೋಡಿದಾಗ, ಅದೇ ಮಗು ನೋಡಿದ ಹಾಗೆ ನೋಡಿದೆ — ಮಾವ ಹೇಳಿದರೆ ಸರಿ ಎಂಬಂತೆ. ನಾನು, ‘ಹಳೇದೆಲ್ಲ ಯಾಕೆ, ಬುಡು’ ಅಂದೆ. ನೀನು ಲೋಟ ಕೆಳಗಿಟ್ಟೆ. ಕುದೇರಿಗೆ ತಿರುಗಬೇಕಿದ್ದ ಕಾರು ಕೇರಳದ ರಸ್ತೆಯಲ್ಲಿ ಮುಂದಕ್ಕೆ ಹೋಯಿತು. ನಾನು ನೋಡುತ್ತಾ ನಿಂತಿದ್ದೆ. ನಿಮ್ಮಮ್ಮನಿಗೆ ನೀನು ಬಂದಿದ್ದೆ ಎಂದು ಹೇಳಲೂ ಇಲ್ಲ.

ಈಗ ಯಾಕೆ ಬರೆಯುತ್ತಿದ್ದೇನೆ ಎಂದರೆ — ಮೊನ್ನೆ ನೀನು ನಿಮ್ಮಮ್ಮನಿಗೆ ಫೋನ್ ಮಾಡಿದ್ದೆಯಲ್ಲ, ದಸರಾ ರಜೆಗೆ ಮಗಳನ್ನು ಕರೆದುಕೊಂಡು ಬರುತ್ತೇನೆ, ಫ್ಲೈಟ್ ನೋಡುತ್ತಿದ್ದೇನೆ ಎಂದು. ಇಷ್ಟು ವರ್ಷದ ಮೇಲೆ ನೀನಾಗಿ ಬರುತ್ತೇನೆಂದೆ. ಅವಳು ಏನಂದಳು? ‘ಬ್ಯಾಡ ಕಣಮ್ಮಿ, ಮಗೀನ ಕರ್ಕಂಡು ಇಮಾನದಲ್ಲಿ ಬರ್ಬ್ಯಾಡ’ ಅಂದಳು. ನನ್ನ ಗಾಳಿಗುಂಡಿ ಅವಳ ಎದೆಯಲ್ಲಿ ಇನ್ನೂ ಹಾಗೇ ಬಾಯ್ದೆರೆದುಕೊಂಡಿತ್ತು. ದಿಲ್ಲಿ ದಾರಿಯಲ್ಲೇ ಜಾಸ್ತಿ ಎಂದು ಅವಳು ನಂಬಿದ್ದಳು. ನೀನು ‘ಸರಿ ಅಮ್ಮ’ ಎಂದು ಇಟ್ಟುಬಿಟ್ಟೆ. ನಾನು ಹೇಳಿದ್ದ ಸುಳ್ಳಿನಿಂದ, ಅಮ್ಮನಿಗೆ ಇನ್ನೂ ಮನಸ್ಸು ಬಂದಿಲ್ಲ ಎಂದೇ ನಿನಗೆ ಅದು ಕೇಳಿಸಿರಬೇಕು.

ಅವಳು ನನಗೆ ಫೋನ್ ಮಾಡಿ ಅತ್ತಳು. ‘ಬರ್ಬ್ಯಾಡ ಅಂದ್ಬುಟ್ಟೆ ಕಣ್ಲಾ ಮಗೀಗ. ಇನ್ನೇನ್ ಮಾಡ್ಲಿ, ಗುಂಡಿಗೆ ಬಿದ್ರ?’ ಅಂಗಡಿಯ ಬೆಂಚಿನ ಮೇಲೆ ಯಾರೋ ಕೂತು, ‘ಏನ್ ಗಾಳಿಗುಂಡಿ ಮಾದೇಸಣ್ಣ, ಮೊಕ ಯಾಕೆ ಅಂಗದೆ?’ ಅಂದರು. ಬಾಗಿಲು ಎಳೆದು ಬಸ್ಸು ಹತ್ತಿದೆ.

ಚಾಮರಾಜನಗರದವರೆಗೂ ಬಸ್ಸು ಕುಲುಕುತ್ತಲೇ ಇತ್ತು. ಒಂದು ಕಡೆ ಗುಂಡಿಗೆ ಇಳಿದು ಎಲ್ಲರೂ ಸೀಟಿನಿಂದ ಎಗರಿ ಬಿದ್ದೆವು. ಯಾರೂ ಕಿರುಚಲಿಲ್ಲ. ನನ್ನ ಪಕ್ಕದ ಹೆಂಗಸು ಮಡಿಲಿನ ಸೊಪ್ಪಿನ ಕಂತೆ ಸರಿಮಾಡಿಕೊಂಡು ಮತ್ತೆ ತೂಕಡಿಸಿದಳು. ಇದರ ಕಾಲುಭಾಗವೂ ಇರಲಿಲ್ಲ ಅಂದಿನ ಅಲುಗಾಟ. ಇದರ ಕಾಲುಭಾಗವೂ ಇಲ್ಲದ್ದಕ್ಕೆ ನಾನು ತಾಯಿ ಮಗಳನ್ನು ಬೇರೆ ಮಾಡಿದೆ — ಬಸ್ಸಿನಲ್ಲಿ ಕೂತು ಇದನ್ನೇ ಮತ್ತೆ ಮತ್ತೆ ಅಂದುಕೊಂಡೆ. ಅಲ್ಲಿ ಇಳಿದು ಕುದೇರಿನ ಬಸ್ಸು ಹಿಡಿಯುವ ಮೊದಲು ಎರಡು ಸಲ ವಾಪಸ್ ಹೋಗಿಬಿಡೋಣ ಎನಿಸಿತು. ಅದನ್ನೂ ಮುಚ್ಚಿಡುವುದಿಲ್ಲ.

ನಿಮ್ಮಮ್ಮ ಜಗುಲಿಯ ಮೇಲೆ ಹುರುಳಿ ಕೇರುತ್ತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ. ಕಿರುಚಿದವನು ನಾನು, ಕೈ ಹಿಡಿದವರು ಆಕೆ, ಗುಂಡಿ ಎಂಬುದು ಇಲ್ಲ, ನಿನ್ನ ಮಗಳಿಗೆ ನಾನು ಹೇಳಿದ್ದು ಬೇರೆ. ಮೊರ ಅವಳ ಕೈಯಲ್ಲಿ ಹಾಗೇ ನಿಂತಿತು. ಆಮೇಲೆ ಕೇಳಿದಳು:

‘ಅಂಗಾರ, ನಾ ಅವತ್ತು ಓಗ್ಬೌದಾಗಿತ್ತಾ?’

‘ಓಗ್ಬೌದಾಗಿತ್ತು ಕಣಕ್ಕ.’

‘ಏನೂ ಆಯ್ತಿರ್ನಿಲ್ವಾ?’

‘ಏನೂ ಆಯ್ತಿರ್ನಿಲ್ಲ.’

ಅವಳು ಬೈಯಲಿಲ್ಲ. ಬೈದಿದ್ದರೆ, ಮೊರದಲ್ಲಿ ಹೊಡೆದಿದ್ದರೆ ನನಗೆ ಹಗುರವಾಗುತ್ತಿತ್ತು. ಅದಕ್ಕೆಂದೇ ಹೋಗಿದ್ದೆನೋ ಏನೋ. ಅವಳು ಹುರುಳಿಯನ್ನು ಬೆರಳಿನಿಂದ ಸುಮ್ಮನೆ ಅತ್ತ ಇತ್ತ ಮಾಡುತ್ತಾ ಅಂದಳು: ‘ನಾ ನಿನ್ನ ಉಳಿಸ್ಕಂಡೆ ಅನ್ಕಂಡಿದ್ದೆ ಕಣ್ಲಾ. ಮಗ್ಳ ಬುಟ್ರೂ ತಮ್ಮನ್ನ ಉಳಿಸ್ಕಂಡೆ ಅಂತ.’

ಇಷ್ಟು ವರ್ಷ ಅವಳು ಆ ಒಂದು ಸಮಾಧಾನದಲ್ಲಿ ಬದುಕಿದ್ದಳು. ಅದನ್ನೂ ನಾನೇ ಕಿತ್ತುಕೊಂಡೆ.

ಆಮೇಲೆ ಅವಳು ಒಳಗೆ ಹೋದಳು. ಪೆಟ್ಟಿಗೆ ತೆಗೆದ ಸದ್ದು ಕೇಳಿತು. ಹೊರಗೆ ಬಂದಾಗ ಕೈಯಲ್ಲಿ ಆ ಹೊಸ ಚಪ್ಪಲಿ — ಒಂದು ದಿನ ಜಗುಲಿಯ ಮೇಲೆ ನಡೆದದ್ದು ಬಿಟ್ಟರೆ ಅವು ಇವತ್ತಿಗೂ ಹೊಸವೇ. ‘ಟಿಕೀಟು ಮಾಡ್ಸು’ ಅಂದಳು. ‘ದಸರಾಗ ಅವ್ಳು ಬರಗಂಟ ಕಾಯಕಾಗಲ್ಲ. ನೀನೂ ಬಾ, ನನ್ ಪಕ್ಕದಲ್ಲೇ ಕುಂತ್ಕ. ಕಿರುಚಂಗಿದ್ರ ನನ್ ಮುಂದ್ಲೇ ಕಿರುಚು.’

ನಿನ್ನೆ ಟಿಕೆಟ್ ಮಾಡಿಸಿದೆ. ಬೆಂಚಿನ ಮೇಲಿದ್ದವರಿಗೆ, ಅಂದು ಕಿರುಚಿದವನು ನಾನು ಎಂದೂ ಹೇಳಿದೆ. ತಮಾಷೆ ಎಂದುಕೊಂಡು ನಕ್ಕರು. ಇನ್ನೊಂದು ಸಲ ಹೇಳಿದೆ, ಆಗ ನಗಲಿಲ್ಲ. ನನಗೆ ಈಗಲೂ ಭಯವಿದೆ. ಗಾಳಿಯಲ್ಲಿ ಗುಂಡಿಯಿಲ್ಲ ಎಂದು ಬಲ್ಲೆ, ಆದರೂ ಟಿಕೆಟ್ಟನ್ನು ಮತ್ತೆ ಮತ್ತೆ ತೆಗೆದು ನೋಡುತ್ತಿದ್ದೇನೆ. ಇದನ್ನು ಬರೆಯುವಾಗಲೂ.

ಕ್ಷಮಿಸು ಎಂದು ಬರೆಯಲು ಹೋಗಿ ಹೊಡೆದುಹಾಕಿದೆ. ಅದನ್ನು ಕೇಳುವ ಮುಖ ನನಗಿಲ್ಲ. ಅಮ್ಮ ಬರುತ್ತಿದ್ದಾಳೆ ಪವಿತ್ರಾ, ಹಳೆಯ ಸೀರೆಯ ಗಂಟನ್ನೂ ತರುತ್ತಿದ್ದಾಳೆ, ಮಗು ದೊಡ್ಡದಾಗಿದೆ ಎಂದರೂ ಕೇಳಲಿಲ್ಲ. ಬಾಗಿಲು ತೆಗೆದಾಗ ಅವಳನ್ನು ನೋಡು. ನನ್ನ ಕಡೆ ನೀನು ನೋಡಬೇಕಾಗಿಲ್ಲ. ನಾನು ಗಂಟು ಇಳಿಸಿ ಹೊರಗೆ ನಿಂತಿರುತ್ತೇನೆ.